ಎಷ್ಟು ಗುಣವಾಯಿತು?

ಮನೆಯಲ್ಲೊಬ್ಬರು ದೊಡ್ಡ ಕಾಯಿಲೆಯಿಂದ ಎದ್ದು ಆಸ್ಪತ್ರೆಯಿಂದ ಮರಳಿದರೆಂದರೆ, ಕಾಣಲು ಬರುವ ನೆಂಟರಿಷ್ಟರು ಜಗಲಿ ಏರುವ ಮೊದಲೇ ಕೇಳುವ ಪ್ರಶ್ನೆ, "ಹೇಗಿದ್ದಾರೆ, ಗುಣವಾಯಿತೆ?" ಎಂಬುದು. ಮನೆಯವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: "ಅಡ್ಡಿಯಿಲ್ಲ, ಸ್ವಲ್ಪ ವಾಸಿ." ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆದರೆ ಈ 'ಸ್ವಲ್ಪ' ಎಂದರೆ ಎಷ್ಟು? ಯಾವ ದಿನದಿಂದ ಯಾವ ದಿನಕ್ಕೆ? ಯಾರ ಕಣ್ಣಿಗೆ? ಅರ್ಧ ಅಂಕ ಕಳೆದರೂ ಕಾರಣ ಹೇಳಬೇಕಾದ ವೃತ್ತಿಯಲ್ಲಿ ತಲೆ ನರೆಸಿಕೊಂಡ ನಾವು ಈ ಪ್ರಶ್ನೆಯನ್ನು ನಮ್ಮ ಕುಟುಂಬದೊಳಗೇ ಎದುರಿಸಬೇಕಾಗಿ ಬಂತು. ಆ ಪ್ರಸಂಗವನ್ನೂ ಅದರಿಂದ ಕಲಿತ ಪಾಠವನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಅಣ್ಣ ಕೃಷಿಕರು. ಹಗಲು ಅಡಿಕೆ ತೋಟ, ರಾತ್ರಿ ತಾಳಮದ್ದಳೆ. ಕಾಸರಗೋಡಿನ ಈ ಬಡಗು ಮೂಲೆಯಲ್ಲಿ ಅರ್ಥ ಹೇಳಬಲ್ಲವರಿಗೆ ಕೊರತೆಯಿಲ್ಲವಾದರೂ, ಅಣ್ಣನ ಕರ್ಣನ ಅರ್ಥಕ್ಕೆಂದೇ ಬರುವ ನಾಲ್ಕು ಜನ ಇದ್ದರು. ಕಳೆದ ವರ್ಷದ ಆಟಿ ತಿಂಗಳಲ್ಲಿ, ಜಡಿಮಳೆಯ ಒಂದು ಬೆಳಗ್ಗೆ, ಕೊಟ್ಟಿಗೆಯಿಂದ ಬರುತ್ತಿದ್ದವರು ಅಂಗಳದಲ್ಲಿ ಕುಸಿದರು. ಪಾರ್ಶ್ವವಾಯು. ಮಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕಳೆದು ಪ್ರಾಣ ಉಳಿಯಿತು. ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿತ್ತು. ಮಾತು ಪೂರ್ತಿಯಾಗಿ ನಿಂತುಹೋಗಿತ್ತು.

ಬಿಡುಗಡೆಯ ದಿನ ವೈದ್ಯರು ಎರಡು ದಾರಿಗಳನ್ನು ಹೇಳಿದರು. ಕೆಲವು ವಾರ ಪಟ್ಟಣದ ಪುನಶ್ಚೇತನ ಕೇಂದ್ರದಲ್ಲಿಟ್ಟು ದಿನವೂ ವ್ಯಾಯಾಮ ಮಾಡಿಸುವುದು ಒಂದು. ಮನೆಗೆ ಒಯ್ದು, ಫಿಸಿಯೋಥೆರಪಿಯವರನ್ನು ಮನೆಗೇ ಬರಮಾಡಿಕೊಳ್ಳುವುದು ಇನ್ನೊಂದು. ಖರ್ಚಿನ ಮಾತಿತ್ತು, ದೂರದ ಮಾತಿತ್ತು, ಹಟ್ಟಿಯಲ್ಲಿ ಎರಡು ಹಸುಗಳಿದ್ದವು. ಅತ್ತಿಗೆಯವರು, "ಮನೆಯಲ್ಲಿ ನಾನಿದ್ದೇನೆ" ಎಂದರು. ಹಾಗೆ ಅಣ್ಣ ಮನೆಗೆ ಬಂದರು. ವಾರಕ್ಕೆರಡು ದಿನ ಫಿಸಿಯೋಥೆರಪಿಯ ಒಬ್ಬ ತರುಣರೂ, ತಿಂಗಳಿಗೊಮ್ಮೆ ಪಂಚಾಯತಿನ ಸಾಂತ್ವನ ಶುಶ್ರೂಷೆಯ ದಾದಿಯೂ ಬರತೊಡಗಿದರು.

ಅದೇ ಮಳೆಗಾಲದಲ್ಲಿ ನಮ್ಮ ಭಾವನವರಿಗೂ ಅದೇ ವ್ಯಾಧಿ ತಗಲಿತು. ಅವರನ್ನು ಮಕ್ಕಳು ಕೇಂದ್ರದಲ್ಲಿಟ್ಟರು. ಆರು ವಾರಗಳಲ್ಲಿ ಕೋಲೂರಿ ನಡೆದುಕೊಂಡೇ ಮನೆಗೆ ಬಂದರು. ಈ ವರ್ಷದ ವಿಷುವಿನಂದು ಕುಟುಂಬವೆಲ್ಲ ಸೇರಿದ್ದಾಗ ಚಿಕ್ಕಪ್ಪನವರು, ಕೆಟ್ಟ ಮನಸ್ಸಿನಿಂದಲ್ಲ, ಹಾಗೆಯೇ ಅಂದುಬಿಟ್ಟರು: "ಇವನನ್ನೂ ಅಲ್ಲಿಟ್ಟಿದ್ದರೆ ಇಷ್ಟು ಹೊತ್ತಿಗೆ ಅರ್ಥ ಹೇಳುತ್ತಿದ್ದನೋ ಏನೋ." ಪಾಯಸ ಬಡಿಸುತ್ತಿದ್ದ ಅತ್ತಿಗೆಯವರು ಒಳಗೆ ಹೋದವರು ಮತ್ತೆ ಪಂಕ್ತಿಗೆ ಬರಲಿಲ್ಲ. ಸಂಜೆ ನಾವು ಹೊರಡುವಾಗ ಬಾಗಿಲಲ್ಲಿ ನಿಂತು, "ನೀನು ಮಾಸ್ತರನಲ್ಲವೆ? ಲೆಕ್ಕ ಹಾಕಿ ಹೇಳು. ನಾನು ತಪ್ಪಿದೆನೆ?" ಎಂದು ಕೇಳಿದರು.

ಲೆಕ್ಕ ಹಾಕಿ ಹೇಳು ಎಂದುದೇ ನಮ್ಮನ್ನು ಹಿಡಿದು ನಿಲ್ಲಿಸಿತು. ಮರುದಿನದಿಂದ ಅಣ್ಣನ ಕಡತವನ್ನು ಬಿಡಿಸಿ ಓದಿದೆವು. ಭಾವನವರ ಮಗನಿಂದ ಅವರ ಕಾಗದಗಳನ್ನೂ ತರಿಸಿದೆವು. ಫಿಸಿಯೋಥೆರಪಿಯ ತರುಣರನ್ನು ಎರಡು ಭಾನುವಾರ ಕೂರಿಸಿಕೊಂಡು ಪಾಠ ಹೇಳಿಸಿಕೊಂಡೆವು.

ಎರಡು ಕಡತಗಳಲ್ಲಿಯೂ 'ಬಾರ್ಥೆಲ್' ಎಂಬ ಹೆಸರಿನ ಕೆಳಗೆ ಒಂದು ಅಂಕವಿತ್ತು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಫ್ಲಾರೆನ್ಸ್ ಮಹೋನಿ, ಡೊರೋಥಿಯಾ ಬಾರ್ಥೆಲ್ ಎಂಬಿಬ್ಬರು ಮಹಿಳೆಯರು 1965ರಲ್ಲಿ ಪ್ರಕಟಿಸಿದ ಅಂಕಪಟ್ಟಿಯಿದು. ಹತ್ತು ವಿಷಯಗಳು, ಒಟ್ಟು 100 ಅಂಕ. ಉಣ್ಣುವುದಕ್ಕೆ 10, ಸ್ನಾನಕ್ಕೆ 5, ಮುಖ ತೊಳೆದು ತಲೆ ಬಾಚುವುದಕ್ಕೆ 5, ಬಟ್ಟೆ ಉಡುವುದಕ್ಕೆ 10, ಮಲದ ಹತೋಟಿಗೆ 10, ಮೂತ್ರದ ಹತೋಟಿಗೆ 10, ಶೌಚಾಲಯದ ಬಳಕೆಗೆ 10, ಹಾಸಿಗೆಯಿಂದ ಕುರ್ಚಿಗೆ ಬರುವುದಕ್ಕೆ 15, ನಡೆಯುವುದಕ್ಕೆ 15, ಮೆಟ್ಟಲೇರುವುದಕ್ಕೆ 10. ತಾನೇ ಮಾಡಿದರೆ ಪೂರ್ತಿ ಅಂಕ. ಒಬ್ಬರು ಕೈಕೊಟ್ಟರೆ ಕೆಲವಕ್ಕೆ ಭಾಗಶಃ ಅಂಕ, ಕೆಲವಕ್ಕೆ ಸೊನ್ನೆ. ರೋಗಿ ಏನು ಮಾಡಬಲ್ಲ ಎಂಬುದಕ್ಕಲ್ಲ, ದಿನನಿತ್ಯ ಏನು ಮಾಡುತ್ತಾನೆ ಎಂಬುದಕ್ಕೆ ಅಂಕ ಹಾಕುವುದು ಈಗಿನ ರೂಢಿ. ನಮ್ಮ ಶಾಲೆಯಲ್ಲಿ "ಬುದ್ಧಿ ಇದೆ, ಓದುವುದಿಲ್ಲ" ಎಂಬ ಹುಡುಗನಿಗೆ ಬುದ್ಧಿಗಾಗಿ ಅಂಕ ಕೊಡುವ ಪದ್ಧತಿಯಿಲ್ಲವಷ್ಟೆ!

ಅಂಕಗಳು ಹೀಗಿದ್ದವು. ಭಾವನವರು ಕೇಂದ್ರವನ್ನು ಸೇರಿದ ದಿನ 60, ಆರು ವಾರಗಳ ಮೇಲೆ ಬಿಟ್ಟ ದಿನ 90. ಅಣ್ಣ ಮನೆಗೆ ಬಂದ ದಿನ 30, ಮೂರು ತಿಂಗಳಿಗೆ 65, ಆರು ತಿಂಗಳಿಗೆ 85.

ಈ ಅಂಕಗಳನ್ನು ನೋಡಿದೊಡನೆ ನಮ್ಮೊಳಗಿನ ಮೈದುನ ಹಿಗ್ಗಿದ. ಅವರು ಏರಿದ್ದು 30, ನಮ್ಮವರು ಏರಿದ್ದು 55. ಅತ್ತಿಗೆಯವರೇ ಗೆದ್ದರು ಎನ್ನಬಹುದಲ್ಲ! ಆದರೆ ನಮ್ಮೊಳಗಿನ ಮಾಸ್ತರ ಒಪ್ಪಲಿಲ್ಲ. 60ರಲ್ಲಿ ನಿಂತವನಿಗೆ ಏರಲು ಉಳಿದಿರುವುದೇ 40. ಒಬ್ಬರನ್ನು ಅಳೆದದ್ದು ಆರು ವಾರಕ್ಕೆ, ಇನ್ನೊಬ್ಬರನ್ನು ಆರು ತಿಂಗಳಿಗೆ. ಪಾರ್ಶ್ವವಾಯುವಿನ ಬಳಿಕ ದೇಹ ತಾನಾಗಿಯೇ ಚೇತರಿಸಿಕೊಳ್ಳುವ ಪಾಲೂ ದೊಡ್ಡದು, ಅದರಲ್ಲಿ ಹೆಚ್ಚಿನಂಶ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ. ಅದನ್ನು ಕೇಂದ್ರದ ಲೆಕ್ಕಕ್ಕೂ ಬರೆಯಲಾಗದು, ಮನೆಯ ಲೆಕ್ಕಕ್ಕೂ ಬರೆಯಲಾಗದು.

ಒಂದು ಶಾಲೆ ಪ್ರವೇಶ ಪರೀಕ್ಷೆ ಇಟ್ಟು ಬುದ್ಧಿವಂತರನ್ನೇ ಆರಿಸಿಕೊಂಡು, ಎಸ್.ಎಸ್.ಎಲ್.ಸಿ.ಯಲ್ಲಿ ನೂರಕ್ಕೆ ನೂರು ಎಂದು ಫಲಕ ಹಾಕುತ್ತದೆ. ಬಂದವರನ್ನೆಲ್ಲ ಸೇರಿಸಿಕೊಂಡ ಇನ್ನೊಂದು ಶಾಲೆ ಎಂಬತ್ತೈದರಲ್ಲಿ ನಿಲ್ಲುತ್ತದೆ. ಯಾವ ಶಾಲೆ ಚೆನ್ನಾಗಿ ಕಲಿಸಿತು? ಫಲಕ ಹೇಳುವುದಿಲ್ಲ. ಪುನಶ್ಚೇತನ ಕೇಂದ್ರಗಳ ವಿಷಯವೂ ಹೀಗೆಯೇ. ಅಮೆರಿಕದಲ್ಲಿ ವೃದ್ಧರ ಸರಕಾರೀ ವಿಮೆಯಾದ ಮೆಡಿಕೇರ್ ಯೋಜನೆಯಡಿ ಪುನಶ್ಚೇತನ ಆಸ್ಪತ್ರೆಗೆ ಸೇರಬೇಕಾದರೆ, ರೋಗಿ ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆಯಂತೆ ವಾರಕ್ಕೆ ಐದು ದಿನ ವ್ಯಾಯಾಮ ತಡೆದುಕೊಳ್ಳಬಲ್ಲವನಾಗಿರಬೇಕು. ಅಷ್ಟು ತ್ರಾಣವುಳ್ಳವನು ಬೇಗ ಎದ್ದು ನಡೆದರೆ ಕೀರ್ತಿ ಯಾರಿಗೆ, ಆಸ್ಪತ್ರೆಗೋ ತ್ರಾಣಕ್ಕೋ? ಇನ್ನು ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟ ಮಕ್ಕಳು ಶೇಕಡಾವಾರಿನಲ್ಲಿ ಕಾಣಿಸದಂತೆ, ನಡುವೆ ತೀರಿಕೊಂಡವರೂ ಮರಳಿ ಬಾರದವರೂ ಸರಾಸರಿಯಿಂದ ಕಾಣೆಯಾಗುತ್ತಾರೆ. ಉಳಿದವರ ಸರಾಸರಿ ತಾನಾಗಿ ಮೇಲೇರುತ್ತದೆ.

ಆ ದೇಶದಲ್ಲಿ ಇದಕ್ಕೂ ಮೊದಲಿನ ಒಂದು ತೊಡಕಿತ್ತು. ಆಸ್ಪತ್ರೆಯ ಮಂಚ ಬಿಟ್ಟ ರೋಗಿ ಅಲ್ಲಿ ನಾಲ್ಕು ಕಡೆಗಳಲ್ಲಿ ಒಂದಕ್ಕೆ ಹೋಗುತ್ತಾನೆ: ದೀರ್ಘಕಾಲ ಇರಿಸಿಕೊಳ್ಳುವ ಆಸ್ಪತ್ರೆ, ಪುನಶ್ಚೇತನ ಆಸ್ಪತ್ರೆ, ದಾದಿಯರ ಆರೈಕೆಯ ವಸತಿ, ಇಲ್ಲವೆ ದಾದಿ ಬಂದುಹೋಗುವ ಸ್ವಂತ ಮನೆ. ಪುನಶ್ಚೇತನ ಆಸ್ಪತ್ರೆಯಲ್ಲಿ 18 ವಿಷಯಗಳಿಗೆ ತಲಾ ಏಳು ಮೆಟ್ಟಲಿನ ಅಂಕವಾದರೆ, ದಾದಿಯರ ವಸತಿಯಲ್ಲಿ ಬೇರೆಯೇ ನಮೂನೆ, ಮನೆಯ ಶುಶ್ರೂಷೆಗೆ ಮತ್ತೂ ಬೇರೆ ನಮೂನೆ. ನಮ್ಮ ಹಿರಿಯರ ಕಾಲದಲ್ಲಿ ಒಬ್ಬ ಸೇರಿನಲ್ಲಿಯೂ ಇನ್ನೊಬ್ಬ ಕಳಸೆಯಲ್ಲಿಯೂ ಮೂರನೆಯವ ಮುಡಿಯಲ್ಲಿಯೂ ಅಕ್ಕಿಯ ಲೆಕ್ಕ ಹೇಳಿದಂತೆ! ಕೊನೆಗೆ 2014ರಲ್ಲಿ 'ಇಂಪ್ಯಾಕ್ಟ್' ಎಂಬ ಕಾಯಿದೆ ಮಾಡಿ, ನಾಲ್ಕು ಕಡೆಗಳಲ್ಲಿಯೂ ಒಂದೇ ಬಗೆಯ ಪ್ರಶ್ನೆಗಳಿರತಕ್ಕದ್ದೆಂದು ವಿಧಿಸಿದರು. ಈಗ ಎಲ್ಲೆಡೆಯೂ ಆರು ಮೆಟ್ಟಲಿನ ಅಂಕ. ಕುಳಿತಲ್ಲಿಂದ ಏಳುವುದು, ಹತ್ತು ಅಡಿ ನಡೆಯುವುದು, ಎರಡು ತಿರುವುಗಳೊಡನೆ ಐವತ್ತು ಅಡಿ ನಡೆಯುವುದು, ಹೀಗೆ ಪ್ರಶ್ನೆಗಳು. ಓದಿದಾಗ ನಮಗೆ ನಗು ಬಂತು. ಅಣ್ಣನ ಮನೆಯ ಜಗಲಿಯಿಂದ ಬಚ್ಚಲಿಗೆ ಹೆಚ್ಚುಕಡಿಮೆ ಅಷ್ಟೇ ದೂರ, ತಿರುವುಗಳೂ ಎರಡೇ.

ಒಂದೇ ಅಳತೆಗೋಲು ದೊರೆತ ಮೇಲೂ ಆರಂಭದ ವ್ಯತ್ಯಾಸ ಉಳಿಯಿತಲ್ಲ, ಅದಕ್ಕೇನು ಮಾಡಬೇಕು? ವಯಸ್ಸು, ವ್ಯಾಧಿಯ ತೀವ್ರತೆ, ಮೊದಲೇ ಇದ್ದ ಸಕ್ಕರೆ ಕಾಯಿಲೆ ಮುಂತಾದವನ್ನು ಲೆಕ್ಕಕ್ಕೆ ಹಿಡಿದು ತೂಗುವುದು ಒಂದು ಉಪಾಯ. ಅದಕ್ಕಿಂತ ಗಟ್ಟಿಯಾದದ್ದು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಪಾಲು ಮಾಡುವುದು. ಅಂಥದೊಂದು ಪರೀಕ್ಷೆ ನಮ್ಮ ದೇಶದಲ್ಲಿಯೇ ನಡೆದಿದೆ, ಅದೂ ಪಾರ್ಶ್ವವಾಯುವಿನ ಬಗ್ಗೆಯೇ. 'ಅಟೆಂಡ್' ಎಂದು ಅದರ ಹೆಸರು. 2014ರಿಂದ 2016ರ ವರೆಗೆ ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಅದಕ್ಕೆ ಸೇರಿಸಿಕೊಂಡರು. ಒಂದು ಪಾಲಿನವರಿಗೆ ರೂಢಿಯ ಚಿಕಿತ್ಸೆ. ಇನ್ನೊಂದು ಪಾಲಿನವರಿಗೆ ರೂಢಿಯ ಚಿಕಿತ್ಸೆಯ ಜೊತೆಗೆ, ಮನೆಯವರೊಬ್ಬರಿಗೆ ಆಸ್ಪತ್ರೆಯಲ್ಲಿಯೇ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟು, ಮನೆಗೆ ಮರಳಿದ ಬಳಿಕವೂ ಎರಡು ತಿಂಗಳ ವರೆಗೆ ಅದನ್ನು ಮುಂದುವರಿಸಿದರು. ಆರು ತಿಂಗಳಿಗೆ ಅಂಕ ಹಾಕಿದವರಿಗೆ ಯಾವ ರೋಗಿ ಯಾವ ಪಾಲಿನವನೆಂದು ತಿಳಿಸಿರಲಿಲ್ಲ. ಹೆಸರು ಮರೆಮಾಡಿದ ಉತ್ತರಪತ್ರಿಕೆಯ ಮೌಲ್ಯಮಾಪನದಂತೆ!

2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಆರು ತಿಂಗಳ ಕೊನೆಗೆ ತೀರಿಕೊಂಡವರು ಇಲ್ಲವೆ ಪರಾವಲಂಬಿಗಳಾಗಿ ಉಳಿದವರು, ಮನೆಯವರಿಗೆ ತರಬೇತಿ ಕೊಟ್ಟ ಪಾಲಿನಲ್ಲಿ ಶೇಕಡಾ 47, ಕೊಡದ ಪಾಲಿನಲ್ಲಿಯೂ ಶೇಕಡಾ 47.

ಈ ಅಂಕೆ ನಮ್ಮನ್ನು ಬಹಳ ಹೊತ್ತು ಕಾಡಿತು. ಇದರ ಅರ್ಥ ಮನೆಯವರ ಸೇವೆ ನಿಷ್ಪ್ರಯೋಜಕವೆಂದಲ್ಲ. ಎರಡೂ ಪಾಲಿನ ರೋಗಿಗಳನ್ನು ಉಣಿಸಿ ಎಬ್ಬಿಸಿದವರು ಮನೆಯವರೇ. ಮನೆ ಮೇಲೋ ಕೇಂದ್ರ ಮೇಲೋ ಎಂಬುದನ್ನೂ ಈ ಪರೀಕ್ಷೆ ಕೇಳಲಿಲ್ಲ. ರೂಢಿಯ ಚಿಕಿತ್ಸೆಯ ಮೇಲೆ ಇಂಥ ತರಬೇತಿಯೊಂದನ್ನು ಸೇರಿಸಿದ ಮಾತ್ರಕ್ಕೆ ಫಲ ಬದಲಾಗಲಿಲ್ಲವೆಂಬುದಷ್ಟೇ ಅದು ಹೇಳುವ ಮಾತು. ಬೇರೆ ದೇಶಗಳ ಪರೀಕ್ಷೆಗಳು ಇನ್ನೊಂದು ಮಾತನ್ನು ಹೇಳಿವೆ: ವ್ಯಾಧಿ ಅತಿ ತೀವ್ರವಲ್ಲದ ರೋಗಿಯನ್ನು ಬೇಗನೆ ಮನೆಗೆ ಕಳುಹಿಸಿ, ವೈದ್ಯರು, ದಾದಿ, ವ್ಯಾಯಾಮ ತಜ್ಞರು, ಮಾತಿನ ತಜ್ಞರು ಒಂದು ತಂಡವಾಗಿ ಮನೆಗೇ ಹೋಗಿ ನೋಡಿಕೊಂಡರೆ, ಪರಾವಲಂಬನೆ ಕಡಮೆಯಾಗುತ್ತದೆ. ಅಂದರೆ ಗೋಡೆ ಯಾವುದೆಂಬುದಕ್ಕಿಂತ ಗೋಡೆಯೊಳಗೆ ಯಾರು ಬರುತ್ತಾರೆ, ಏನು ಮಾಡುತ್ತಾರೆ ಎಂಬುದು ಮುಖ್ಯ.

ಹೀಗಿರುವಾಗ ಇಬ್ಬರೇ ರೋಗಿಗಳನ್ನು ಪಕ್ಕಪಕ್ಕಕ್ಕೆ ನಿಲ್ಲಿಸಿ ಒಬ್ಬ ಗೃಹಿಣಿಯ ಮೇಲೆ ತಪ್ಪು ಹೊರಿಸಲು ಯಾವ ಲೆಕ್ಕದಲ್ಲಿ ಆಧಾರವಿದೆ? ಇಷ್ಟನ್ನು ನಿಶ್ಚಯಿಸಿಕೊಂಡು ನಾವು ಅಣ್ಣನ ಮನೆಗೆ ಹೊರಟೆವು.

ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಶಿಕ್ಷಕ ತರಬೇತಿಯಲ್ಲಿ ಮೌಲ್ಯಮಾಪನದ ಪಾಠ ಕಲಿಸುವಾಗ ಸಪ್ರಮಾಣತೆ ಎಂಬೊಂದು ಶಬ್ದವನ್ನು ನಮ್ಮಿಂದ ಬಾಯಿಪಾಠ ಮಾಡಿಸಿದ್ದರು. ಅಳೆಯಬೇಕಾದದ್ದನ್ನೇ ಅಳತೆಗೋಲು ಅಳೆಯುತ್ತಿದೆಯೆ ಎಂಬುದು ಅದರ ತಾತ್ಪರ್ಯ. ಜಗಲಿಯಲ್ಲಿ ಕುಳಿತು ಅಣ್ಣನ ಅಂಕಪಟ್ಟಿಯನ್ನು ಅವರೆದುರೇ ಓದಿ ಹೇಳಿದೆವು. ಉಣ್ಣುವುದು 10, ನಡೆಯುವುದು 15, ಒಟ್ಟು 85. ಅಣ್ಣ ಎಡಗೈಯನ್ನೆತ್ತಿ ತಮ್ಮ ಬಾಯಿಯನ್ನು ಮುಟ್ಟಿ ತೋರಿಸಿದರು. ಆಗ ನಮ್ಮ ತಲೆಗೆ ಹೊಳೆಯಿತು: ಆ ಹತ್ತು ವಿಷಯಗಳಲ್ಲಿ ಮಾತು ಎಂಬುದೇ ಇಲ್ಲ!

ಇದು ಅದನ್ನು ರಚಿಸಿದವರ ತಪ್ಪಲ್ಲ. ನೂರಕ್ಕೆ ನೂರು ಬಂದವನೂ ಒಬ್ಬನೇ ಬಾಳಬಲ್ಲನೆಂದು ತಿಳಿಯಬಾರದು, ಅಡುಗೆ ಮಾಡುವುದಾಗಲಿ ಜನರೊಡನೆ ವ್ಯವಹರಿಸುವುದಾಗಲಿ ಈ ಲೆಕ್ಕದಲ್ಲಿ ಬಂದಿಲ್ಲ ಎಂದು 1965ರಲ್ಲಿಯೇ ಅವರು ಎಚ್ಚರಿಸಿದ್ದಾರೆ. ತಪ್ಪು ನಮ್ಮದು. 30 ಅಂಕ 65 ಆಯಿತು, 65 ಅಂಕ 85 ಆಯಿತು ಎಂದು ಎಲ್ಲರೂ ಸಂತೋಷಪಟ್ಟೆವು. ಅರ್ಥಧಾರಿಯೊಬ್ಬನಿಗೆ ಮಾತೇ ಇಲ್ಲದಿರುವಾಗ, ಮಾತಿನ ತಜ್ಞರನ್ನು ಹುಡುಕಬೇಕೆಂದು ಒಂಬತ್ತು ತಿಂಗಳು ನಮ್ಮಲ್ಲಿ ಒಬ್ಬರಿಗೂ ತೋಚಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಯಾರೂ ಕೇಳಲಿಲ್ಲ. ಕೇಳದ್ದಕ್ಕೆ ಚಿಕಿತ್ಸೆಯೂ ಆಗಲಿಲ್ಲ. ಚಿಕ್ಕಪ್ಪನವರ ಮಾತಿನಲ್ಲಿ ಒಂದು ಎಳೆ ಸತ್ಯವಿತ್ತೆಂದು ಒಪ್ಪಲೇಬೇಕು. ಅದರ ಹೊಣೆ ಮಾತ್ರ ಅತ್ತಿಗೆಯವರದಲ್ಲ. ಓದು ಬರಹ ಬಲ್ಲ ತಮ್ಮನ ಪಾಲು ಅದರಲ್ಲಿ ಹೆಚ್ಚು.

ಗಡಿಯ ನಮಗೆ ಇನ್ನೂ ಒಂದು ಕಷ್ಟವಿದೆ. ಕೇರಳ ಸರಕಾರ 2008ರಲ್ಲಿ ಸಾಂತ್ವನ ಶುಶ್ರೂಷೆಯ ನೀತಿ ರೂಪಿಸಿದ ಬಳಿಕ ಪಂಚಾಯತುಗಳ ಮೂಲಕ ದಾದಿಯರು ಮನೆಬಾಗಿಲಿಗೆ ಬರುವ ಏರ್ಪಾಡು ಬೆಳೆಯಿತು. ಇದು ದೊಡ್ಡ ಉಪಕಾರ. ಅಣ್ಣನಲ್ಲಿಗೆ ಬರುವ ದಾದಿ ಸ್ನೇಹಮಯಿ. ಆದರೆ ಅವರು ಕೇಳುವುದು ಮಲೆಯಾಳದಲ್ಲಿ. ಮಂಗಳೂರಿನ ಬಿಡುಗಡೆಯ ಕಾಗದವಿರುವುದು ಇಂಗ್ಲಿಷಿನಲ್ಲಿ. ಅತ್ತಿಗೆಯವರು ಉತ್ತರಿಸುವುದು ಕನ್ನಡದಲ್ಲಿ. ಮೂರು ಭಾಷೆ ದಾಟುವಷ್ಟರಲ್ಲಿ 'ಸಹಾಯ ಬೇಕು' ಎಂಬುದು 'ಆಗುವುದಿಲ್ಲ' ಎಂದಾಗುವುದು ಸುಲಭ. ಮೇಲಾಗಿ ಚಿಕಿತ್ಸೆ ಮಾಡಿದ ಆಸ್ಪತ್ರೆ ಒಂದು ರಾಜ್ಯದಲ್ಲಿ, ಆರೈಕೆ ಇನ್ನೊಂದು ರಾಜ್ಯದಲ್ಲಿ. ತಲಪಾಡಿಯ ಗಡಿ ದಾಟಿದ ರೋಗಿ ಮುಂದೆ ನಡೆದನೋ ಬಿದ್ದನೋ, ಚಿಕಿತ್ಸೆ ಮಾಡಿದವರಿಗೆ ನಾವು ಹೇಳದೆ ತಿಳಿಯದು. 2020ರಲ್ಲಿ ಆ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ ರೋಗಿಗಳು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಆದುದರಿಂದ ಲೆಕ್ಕದ ಪುಸ್ತಕ ರೋಗಿಯ ಮನೆಯಲ್ಲಿಯೇ ಇರುವುದು ಕ್ಷೇಮ.

ಅದು ದೊಡ್ಡ ವಿದ್ಯೆಯೇನಲ್ಲ. ನಲುವತ್ತು ಪುಟದ ಒಂದು ಶಾಲಾ ಪುಸ್ತಕ ಸಾಕು. ಮನೆಗೆ ಬಂದ ದಿನವೇ, ಆ ಹತ್ತು ವಿಷಯಗಳಲ್ಲಿ ರೋಗಿಯ ಸ್ಥಿತಿಯೇನೆಂದು ಬರೆದಿಡಬೇಕು. ಮೊದಲ ದಿನದ ಅಂಕವಿಲ್ಲದಿದ್ದರೆ ಕೊನೆಯ ದಿನದ ಅಂಕಕ್ಕೆ ಬೆಲೆಯಿಲ್ಲ. ಒಂದು, ಮೂರು, ಆರು ತಿಂಗಳಿಗೆ ಅದೇ ಪ್ರಶ್ನೆಗಳನ್ನು, ಸಾಧ್ಯವಾದರೆ ಅದೇ ವ್ಯಕ್ತಿ ಕೇಳಿ ಬರೆಯಬೇಕು. ಬಿದ್ದದ್ದು, ಮತ್ತೆ ಆಸ್ಪತ್ರೆ ಸೇರಿದ್ದು ಇದ್ದರೆ ತಾರೀಕು ಹಾಕಬೇಕು. ವೈದ್ಯರಲ್ಲಿಗೆ ಹೋಗುವಾಗ ಪುಸ್ತಕವನ್ನು ಒಯ್ಯಬೇಕು. ಅಂಕ ಏರಲೆಂದು ಕೈಹಿಡಿದು ಬರೆಯಬಾರದು. ಇನ್‌ಸ್ಪೆಕ್ಟರು ಬರುವ ದಿನ ಜಾಣ ಹುಡುಗರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ ಪಾಪ ನಮಗೂ ಇದೆ; ಅದರಿಂದ ಹಿಂದಿನ ಬೆಂಚಿನವರಿಗೆ ಲಾಭವಾದದ್ದನ್ನು ನಾವು ಕಂಡಿಲ್ಲ.

ಆ ಹತ್ತರ ಕೆಳಗೆ ಮತ್ತೆರಡು ಸಾಲು ಗೀಚಿಕೊಳ್ಳಿ. ಹನ್ನೊಂದನೆಯದು, ಈ ರೋಗಿ ತನಗೆ ಯಾವುದು ಮರಳಿ ಬೇಕೆಂದು ಬಯಸುತ್ತಾನೋ ಅದು: ಒಬ್ಬರಿಗೆ ದೇವಸ್ಥಾನದ ಮೆಟ್ಟಲು, ಒಬ್ಬರಿಗೆ ಹೊಲಿಗೆಯ ಯಂತ್ರ, ನಮ್ಮ ಅಣ್ಣನಿಗೆ ಮಾತು. ಹನ್ನೆರಡನೆಯದು, ನೋಡಿಕೊಳ್ಳುವವರ ನಿದ್ರೆ ಮತ್ತು ಬೆನ್ನುನೋವು. ರೋಗಿಯ ಅಂಕ ಏರುತ್ತ, ಎತ್ತಿ ಕೂರಿಸುವವರ ಅಂಕ ಇಳಿಯುತ್ತ ಹೋದರೆ ಆ ಮನೆ ಗುಣವಾಯಿತೆನ್ನಲಾದೀತೆ?

ಅತ್ತಿಗೆಯವರ ಪ್ರಶ್ನೆಗೆ ನಾವು ಕೊಟ್ಟ ಉತ್ತರವಿಷ್ಟು: "ನೀವು ತಪ್ಪಿದಿರೆಂದು ಹೇಳಲು ಯಾರ ಕೈಯಲ್ಲಿಯೂ ಲೆಕ್ಕವಿಲ್ಲ ಅತ್ತಿಗೆ. ಅಣ್ಣ 30ರಿಂದ 85ಕ್ಕೆ ಬಂದರೆಂಬುದಕ್ಕೆ ಮಾತ್ರ ಲೆಕ್ಕವಿದೆ. ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ, ಅದನ್ನು ಬಿಟ್ಟವರು ನಾವೆಲ್ಲರೂ." ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಮೊಮ್ಮಗನ ಹಳೆಯ ಪುಸ್ತಕವೊಂದನ್ನು ತಂದು, "ಗೆರೆ ಹಾಕಿ ಕೊಡು" ಎಂದರು.

ಈಗ ತಿಂಗಳಿಗೆರಡು ಸಲ ಅಣ್ಣನನ್ನು ಮಾತಿನ ತಜ್ಞರಲ್ಲಿಗೆ ಕರೆದೊಯ್ಯುತ್ತೇವೆ. ಇಷ್ಟು ತಡವಾಗಿ ಎಷ್ಟು ಮರಳೀತೆಂದು ಅವರು ಮಾತು ಕೊಟ್ಟಿಲ್ಲ. ಕಳೆದ ವಾರ ಹೋದಾಗ ಪುಸ್ತಕ ಬಿಡಿಸಿ ನೋಡಿದೆವು. ಸ್ನಾನದ ಎದುರು ಈ ಸಲವೂ ಸೊನ್ನೆ. ಹಂಡೆಯಿಂದ ನೀರು ಮೊಗೆದು ಹೊಯ್ಯುವುದು ಇನ್ನೂ ಅತ್ತಿಗೆಯವರೇ. ಹನ್ನೊಂದನೆಯ ಸಾಲಿನಲ್ಲಿ ಮಾತ್ರ ತಾರೀಕು ಹಾಕಿ, ಅವರ ದುಂಡಗಿನ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: "ಬಚ್ಚಲಲ್ಲಿ, ಬಿಸಿ ಸಾಕು ಅಂದರು."